ಕೈ ಎತ್ತುವವನ ಬೆನ್ನ ಹಿಂದೆ ನಿಂತವರು

2025ರ ಏಪ್ರಿಲ್ ತಿಂಗಳಲ್ಲಿ ಚನ್ನಗಿರಿ ತಾಲೂಕಿನ ತಾವರೆಕೆರೆಯಲ್ಲಿ ನಡೆದ ಘಟನೆಯನ್ನು ನಮ್ಮ ಓದುಗರು ಮರೆತಿರಲಾರರು. ಪತಿಯೊಬ್ಬ ತನ್ನ ಪತ್ನಿಯ ಕುರಿತು ಊರಿನ ಜಾಮಿಯಾ ಮಸೀದಿಗೆ ದೂರು ಕೊಟ್ಟಿದ್ದ. ಎರಡು ದಿನಗಳ ಬಳಿಕ, ಏಪ್ರಿಲ್ 9ರಂದು, ಮಸೀದಿಯ ಹೊರಗೆ ಆ ಮಹಿಳೆಯ ಮೇಲೆ ಗುಂಪೊಂದು ಮುಗಿಬಿದ್ದು ದೊಣ್ಣೆ, ಪೈಪುಗಳಿಂದ ಥಳಿಸಿತು. ಅದನ್ನು ಮೊಬೈಲಿನಲ್ಲಿ ಚಿತ್ರೀಕರಿಸಲಾಯಿತು. ಆ ದೃಶ್ಯ ದೇಶವೆಲ್ಲ ಹರಿದಾಡಿತು. ಪೊಲೀಸರು ಆರು ಮಂದಿಯನ್ನು ಬಂಧಿಸಿದರು.

ಬಂಧಿತರ ತಪ್ಪು-ಒಪ್ಪುಗಳನ್ನು ನ್ಯಾಯಾಲಯ ತೀರ್ಮಾನಿಸಲಿ. ನಮ್ಮನ್ನು ಕಾಡುವ ಪ್ರಶ್ನೆ ಬೇರೆ. ಹಗಲು ಹೊತ್ತಿನಲ್ಲಿ, ಅಲ್ಲಾಹನ ಭವನದ ಎದುರಿನಲ್ಲಿ ಓರ್ವ ಮಹಿಳೆಗೆ ಹೊಡೆಯಬಹುದೆಂಬ ಧೈರ್ಯ ಆ ಕೈಗಳಿಗೆ ಎಲ್ಲಿಂದ ಬಂತು? ಒಬ್ಬಂಟಿಯಾಗಿದ್ದರೆ ಅವರಲ್ಲಿ ಎಷ್ಟು ಮಂದಿ ದೊಣ್ಣೆ ಎತ್ತುತ್ತಿದ್ದರು? ಸುತ್ತ ನಿಂತವರ ಮೌನವನ್ನು ಅವರು ಏನೆಂದು ಓದಿಕೊಂಡರು? ಅಪರಾಧವನ್ನು ಎಸಗುವುದು ಕೈ, ನಿಜ. ಆದರೆ ಆ ಕೈಗೆ ಒಪ್ಪಿಗೆ ಕೊಡುವ ಒಂದು ಸಹವಾಸ ಯಾವಾಗಲೂ ಹಿಂದೆ ಇರುತ್ತದೆ. ನಾವು ಇಂದು ಮಾತನಾಡಬೇಕಿರುವುದು ಆ ಸಹವಾಸದ ಬಗ್ಗೆ.

ಅಪರಾಧ ನಡೆದಾಗಲೆಲ್ಲ ನಮ್ಮ ಬಾಯಿಗೆ ಎರಡು ಸಿದ್ಧ ಉತ್ತರಗಳು ಬರುತ್ತವೆ. ಒಂದು, ಬಡತನ. ಇನ್ನೊಂದು, ಅವರ ಜಾತಿಯೇ ಅಂಥದ್ದು, ವಂಶವೇ ಅಂಥದ್ದು ಎಂಬ ಮಾತು. ಎರಡನೆಯ ಉತ್ತರಕ್ಕೆ ನಮ್ಮ ದೇಶದಲ್ಲಿ ಒಂದು ಕರಾಳ ಚರಿತ್ರೆಯಿದೆ. 1871ರಲ್ಲಿ ಬ್ರಿಟಿಷರು ಅಪರಾಧಿ ಬುಡಕಟ್ಟುಗಳ ಕಾಯ್ದೆಯನ್ನು ತಂದರು. ಕೆಲವು ಸಮುದಾಯಗಳಲ್ಲಿ ಹುಟ್ಟಿದ ಮಗು ಹುಟ್ಟಿನಿಂದಲೇ ಕಳ್ಳನೆಂದು ಸರ್ಕಾರವೇ ದಾಖಲೆ ಬರೆದಿಟ್ಟಿತು. ದೇಶದ ಹಲವೆಡೆ ಬಂಜಾರರ ಗುಂಪುಗಳೂ ಆ ಪಟ್ಟಿಯೊಳಗೆ ಸೇರಿದವು. ಆ ಬಂಜಾರರು ತಮ್ಮ ಗುರುವೆಂದು ಕಾಣುವ ಸಂತ ಸೇವಾಲಾಲರ ಜನ್ಮಸ್ಥಳ ನಮ್ಮದೇ ನ್ಯಾಮತಿ ತಾಲೂಕಿನ ಸೂರಗೊಂಡನಕೊಪ್ಪ. ಪ್ರತಿ ವರ್ಷ ಅಲ್ಲಿಗೆ ಭಕ್ತರು ಸಾಗರದಂತೆ ಹರಿದು ಬರುತ್ತಾರೆ. ಇಂಥ ಜನರನ್ನು ಹುಟ್ಟು ಅಪರಾಧಿಗಳೆಂದು ಬರೆದ ಕಾನೂನು ಸ್ವತಂತ್ರ ಭಾರತದಲ್ಲಿ 1952ರಲ್ಲಿ ರದ್ದಾಯಿತು. ಆದರೆ ಕಾನೂನು ಹೋದರೂ ಮಾತು ಉಳಿಯಿತು. ಇಂದು ಅದೇ ಮಾತನ್ನು ನಮ್ಮ ಸಮುದಾಯದ ಮೇಲೆ ಪ್ರಯೋಗಿಸುವವರಿದ್ದಾರೆ. ಆಗ ನಮಗೆ ನೋವಾಗುತ್ತದೆ. ಹಾಗಿರುವಾಗ ನಾವೇ ಇನ್ನೊಂದು ಕೇರಿಯ ಹುಡುಗರ ಬಗ್ಗೆ, ಇನ್ನೊಂದು ಬುಡಕಟ್ಟಿನ ಮಕ್ಕಳ ಬಗ್ಗೆ ಅದೇ ಮಾತನ್ನಾಡುವುದು ಯಾವ ನ್ಯಾಯ?

ಬಡತನದ ಉತ್ತರವೂ ಪೂರ್ಣ ಸತ್ಯವಲ್ಲ. ಮಳೆ ಕೈಕೊಟ್ಟ ವರ್ಷಗಳಲ್ಲಿ ಜಗಳೂರಿನ ಎಷ್ಟು ಕುಟುಂಬಗಳು ಗಂಟುಮೂಟೆ ಕಟ್ಟಿಕೊಂಡು ದುಡಿಮೆಗಾಗಿ ದೂರದ ಊರುಗಳಿಗೆ ಹೋಗಿಲ್ಲ? ಅವರಾರೂ ಕಳ್ಳತನಕ್ಕೆ ಇಳಿಯಲಿಲ್ಲ, ಕೂಲಿಗೆ ಹೋದರು. ಇನ್ನೊಂದೆಡೆ, ಕೋಟಿಗಟ್ಟಲೆ ಆಸ್ತಿಯುಳ್ಳವರೇ ಬ್ಯಾಂಕುಗಳಿಗೆ ಪಂಗನಾಮ ಹಾಕಿದ್ದನ್ನೂ ದೇಶ ಕಂಡಿದೆ. ಹಸಿವೇ ಅಪರಾಧದ ತಾಯಿಯಾಗಿದ್ದರೆ ಇವೆರಡೂ ನಡೆಯಕೂಡದಿತ್ತು.

ಈ ಒಗಟನ್ನು ಬಿಡಿಸಲು ಯತ್ನಿಸಿದ ವಿದ್ವಾಂಸರಲ್ಲಿ ಇಬ್ಬರನ್ನು ಇಲ್ಲಿ ನೆನೆಯಬೇಕು. ಫ್ರಾನ್ಸಿನ ಗೇಬ್ರಿಯಲ್ ತಾರ್ದ್ ನ್ಯಾಯಾಧೀಶರಾಗಿದ್ದವರು. ಮನುಷ್ಯರು ಭಾಷೆಯನ್ನೂ ಉಡುಪನ್ನೂ ಒಬ್ಬರಿಂದೊಬ್ಬರು ನೋಡಿ ಕಲಿಯುವಂತೆ ಅಪರಾಧವನ್ನೂ ಅನುಕರಣೆಯಿಂದಲೇ ಕಲಿಯುತ್ತಾರೆಂದು ಅವರು ವಾದಿಸಿದರು. ಅನುಕರಣೆಯ ನಿಯಮಗಳ ಕುರಿತ ಅವರ ಗ್ರಂಥ ಪ್ರಕಟವಾದದ್ದು 1890ರಲ್ಲಿ. ಅಮೆರಿಕದ ಸಮಾಜಶಾಸ್ತ್ರಜ್ಞ ಎಡ್ವಿನ್ ಸದರ್‌ಲ್ಯಾಂಡ್ ಈ ವಿಚಾರವನ್ನು ಮತ್ತಷ್ಟು ಬೆಳೆಸಿ 1947ರಲ್ಲಿ ಅದಕ್ಕೆ ಪೂರ್ಣ ರೂಪ ಕೊಟ್ಟರು. ಅವರ ವಾದದ ಸಾರಾಂಶವಿಷ್ಟು: ಅಪರಾಧವನ್ನು ಯಾರೂ ಹುಟ್ಟುವಾಗ ತರುವುದಿಲ್ಲ, ಆಪ್ತರ ಸಹವಾಸದಲ್ಲಿ ಕಲಿಯುತ್ತಾರೆ. ಹಾಗೆ ಕಲಿಯುವ ಸಂಗತಿಗಳು ಎರಡು. ಮೊದಲನೆಯದು, ಮಾಡುವ ವಿಧಾನ. ಎರಡನೆಯದು, ಮಾಡಿದ್ದು ತಪ್ಪಲ್ಲವೆಂದು ಮನಸ್ಸನ್ನು ಒಪ್ಪಿಸುವ ಸಮರ್ಥನೆ. ಒಬ್ಬನ ಸುತ್ತ ಕಾನೂನನ್ನು ಮುರಿಯಬಹುದೆನ್ನುವ ಮಾತುಗಳು ಮುರಿಯಬಾರದೆನ್ನುವ ಮಾತುಗಳಿಗಿಂತ ಹೆಚ್ಚಾದಾಗ ಅವನು ಆ ಕಡೆಗೆ ವಾಲುತ್ತಾನೆ. ಆ ಮಾತುಗಳು ಎಷ್ಟು ಚಿಕ್ಕ ವಯಸ್ಸಿನಲ್ಲಿ ಕಿವಿಗೆ ಬಿದ್ದವು, ಎಷ್ಟು ಬಾರಿ ಬಿದ್ದವು, ಅವನು ಗೌರವಿಸುವ ಯಾರ ಬಾಯಿಂದ ಬಂದವು ಎಂಬುದರ ಮೇಲೆ ಅವುಗಳ ತೂಕ ನಿಲ್ಲುತ್ತದೆ.

ಇದು ನಮಗೆ ಹೊಸ ಪಾಠವೇನಲ್ಲ. ಒಳ್ಳೆಯ ಗೆಳೆಯನನ್ನು ಸುಗಂಧದ ವ್ಯಾಪಾರಿಗೂ ಕೆಟ್ಟ ಗೆಳೆಯನನ್ನು ಕಮ್ಮಾರನ ತಿದಿಗೂ ಹೋಲಿಸಿದ ಪ್ರವಾದಿವರ್ಯರ(ಸ) ಉಪಮೆಯನ್ನು ಮದ್ರಸದ ಮಕ್ಕಳೂ ಬಲ್ಲರು. ಮಕ್ಕಳಿಗೆ ನಾವು ಅದನ್ನು ಬಾಯಿಪಾಠ ಮಾಡಿಸುತ್ತೇವೆ. ದೊಡ್ಡವರ ಕೂಟಗಳಿಗೂ ಅದು ಅನ್ವಯಿಸುತ್ತದೆಂಬುದನ್ನು ಮಾತ್ರ ಮರೆಯುತ್ತೇವೆ.

ನ್ಯಾಮತಿಯ ಬ್ಯಾಂಕ್ ದರೋಡೆ ಪ್ರಕರಣವನ್ನೇ ತೆಗೆದುಕೊಳ್ಳೋಣ. 2024ರ ಅಕ್ಟೋಬರ್ ಕೊನೆಯ ವಾರದಲ್ಲಿ ಅಲ್ಲಿನ ಸ್ಟೇಟ್ ಬ್ಯಾಂಕ್ ಶಾಖೆಯಿಂದ ಸುಮಾರು 17 ಕಿಲೋ 700 ಗ್ರಾಂ ಚಿನ್ನ ಕಳವಾಯಿತು. ಅದರ ಬೆಲೆ ಸುಮಾರು 13 ಕೋಟಿ ರೂಪಾಯಿ. ಅದು ಊರಿನ ಜನ ತಮ್ಮ ಕಷ್ಟಕಾಲಕ್ಕೆ ಅಡವಿಟ್ಟಿದ್ದ ಒಡವೆ. ಐದು ತಿಂಗಳ ತನಿಖೆಯ ನಂತರ, 2025ರ ಮಾರ್ಚ್ ಅಂತ್ಯದಲ್ಲಿ, ಪೊಲೀಸರು ಆರು ಮಂದಿಯನ್ನು ಬಂಧಿಸಿದ್ದನ್ನು ಪ್ರಕಟಿಸಿದರು. ಚಿನ್ನದ ಬಹುಪಾಲು ತಮಿಳುನಾಡಿನ ಮದುರೈ ಜಿಲ್ಲೆಯ ಉಸಿಲಂಪಟ್ಟಿ ಭಾಗದ ಬಾವಿಯೊಂದರಲ್ಲಿ ಸಿಕ್ಕಿತು.

ಪೊಲೀಸರು ಹೇಳಿರುವ ವಿವರಗಳು ಗಮನಾರ್ಹ. ಪ್ರಮುಖ ಆರೋಪಿಯು ನ್ಯಾಮತಿಯಲ್ಲಿ ಸಿಹಿತಿನಿಸಿನ ಅಂಗಡಿ ನಡೆಸುತ್ತಿದ್ದವನು. ಅದೇ ಬ್ಯಾಂಕಿನಲ್ಲಿ 15 ಲಕ್ಷ ರೂಪಾಯಿ ಸಾಲ ಕೇಳಿದಾಗ ಅರ್ಜಿ ತಿರಸ್ಕೃತವಾಗಿತ್ತು. ವೆಬ್ ಸರಣಿ ಹಾಗೂ ಯೂಟ್ಯೂಬ್ ವಿಡಿಯೋಗಳನ್ನು ನೋಡಿ ಅವನು ವಿಧಾನವನ್ನು ಕಲಿತ. ಈ ಭಾಗವನ್ನು ಪತ್ರಿಕೆಗಳು ದೊಡ್ಡ ಅಕ್ಷರಗಳಲ್ಲಿ ಬರೆದವು. ಆದರೆ ನಮ್ಮ ಕಣ್ಣು ನಿಂತದ್ದು ಬೇರೊಂದು ವಿವರದ ಮೇಲೆ. ಆರು ಮಂದಿಯ ಪೈಕಿ ಒಬ್ಬ ಅವನ ತಮ್ಮ, ಇನ್ನೊಬ್ಬ ಸೋದರಿಯ ಗಂಡ, ಉಳಿದ ಮೂವರು ಪರಿಚಯದ ಸ್ಥಳೀಯ ಯುವಕರು. ತಿಂಗಳುಗಟ್ಟಲೆ ಸಿದ್ಧತೆ ನಡೆಯಿತೆಂದು ತನಿಖೆ ಹೇಳುತ್ತದೆ. ಸಾಲದ ಅರ್ಜಿ ತಿರಸ್ಕೃತವಾಗುವುದು ನಮ್ಮ ಊರುಗಳಲ್ಲಿ ದಿನನಿತ್ಯದ ಸಂಗತಿ. ಆ ವೆಬ್ ಸರಣಿಯನ್ನು ಜಗತ್ತಿನಾದ್ಯಂತ ಕೋಟ್ಯಂತರ ಜನ ನೋಡಿದ್ದಾರೆ. ಅವರೆಲ್ಲ ದರೋಡೆಕೋರರಾಗಲಿಲ್ಲ. ಆರೋಪ ನಿಜವೆಂದಾದರೆ, ಅಷ್ಟು ತಿಂಗಳುಗಳಲ್ಲಿ ಆ ಆರು ಮಂದಿಯಲ್ಲಿ ಒಬ್ಬನಾದರೂ ಎದ್ದು ನಿಂತು, ಬೇಡ ಕಣ್ರೋ, ಇದು ಬಡವರ ತಾಳಿ-ಬಳೆ ಎಂದು ಹೇಳಿದ್ದರೆ ಏನಾಗುತ್ತಿತ್ತು? ಪರದೆ ವಿಧಾನವನ್ನು ಕಲಿಸೀತು. ಇದು ತಪ್ಪಲ್ಲವೆಂಬ ಸಮಾಧಾನವನ್ನು ಕೊಡುವುದು ಪಕ್ಕದಲ್ಲಿ ಕುಳಿತ ಆಪ್ತರೇ.

ಇನ್ನು ಗುಂಪಿನ ವಿಚಾರ. 2024ರ ಮೇ 24ರ ರಾತ್ರಿ ಚನ್ನಗಿರಿ ಪಟ್ಟಣದಲ್ಲಿ ನಡೆದುದನ್ನು ನಾವು ಎರಡು ಭಾಗಗಳಾಗಿ ನೋಡಬೇಕು. ಮಟ್ಕಾ ಆರೋಪದಲ್ಲಿ ಠಾಣೆಗೆ ಕರೆದೊಯ್ಯಲಾಗಿದ್ದ ನಮ್ಮ ಸಮುದಾಯದ ಯುವಕನೊಬ್ಬ ಮೃತಪಟ್ಟ. ಇದು ಪೊಲೀಸರ ವಶದಲ್ಲಾದ ಸಾವೆಂದು ಕುಟುಂಬ ಆರೋಪಿಸಿತು, ಸರ್ಕಾರ ಅದನ್ನು ಒಪ್ಪಲಿಲ್ಲ. ಡಿವೈಎಸ್ಪಿ ಹಾಗೂ ಇನ್ಸ್‌ಪೆಕ್ಟರ್ ಅಮಾನತುಗೊಂಡರು, ತನಿಖೆ ಸಿಐಡಿಗೆ ಹೋಯಿತು. ಠಾಣೆಗೆ ಹೋದ ಮನುಷ್ಯ ಜೀವಂತವಾಗಿ ಮರಳಬೇಕೆಂದು ಕೇಳುವುದು ಪ್ರತಿಯೊಬ್ಬ ಪ್ರಜೆಯ ಹಕ್ಕು. ಆ ಪ್ರಶ್ನೆಯನ್ನು ಕೇಳಿದವರು ತಪ್ಪು ಮಾಡಲಿಲ್ಲ. ಆದರೆ ಅದೇ ರಾತ್ರಿ ಠಾಣೆಯ ಮೇಲೆ ಕಲ್ಲುಗಳು ಬಿದ್ದವು, ಪೊಲೀಸ್ ವಾಹನಗಳು ಜಖಂಗೊಂಡವು, ಹನ್ನೊಂದು ಮಂದಿ ಪೊಲೀಸರು ಗಾಯಗೊಂಡರು. ಮರುದಿನದಿಂದ ಸುದ್ದಿವಾಹಿನಿಗಳಲ್ಲಿ ಸಾವಿನ ಪ್ರಶ್ನೆ ಹಿಂದೆ ಸರಿದು ಕಲ್ಲಿನ ಪ್ರಶ್ನೆಯೇ ಮುಂದೆ ಬಂತು. ಸತ್ತವನ ಮನೆಯವರಿಗೆ ಆ ಕಲ್ಲುಗಳಿಂದ ದೊರೆತದ್ದಾದರೂ ಏನು?

ಶಾಂತವಾಗಿ ಅಂಗಡಿ ಮುಚ್ಚಿ ಮನೆಗೆ ಹೊರಟ ಹುಡುಗ ಒಂದು ಗಂಟೆಯ ಬಳಿಕ ಕಲ್ಲು ಎಸೆಯುವವನಾಗುವುದು ಹೇಗೆ? ಅಮೆರಿಕದ ಇನ್ನೊಬ್ಬ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1978ರಲ್ಲಿ ಇದಕ್ಕೊಂದು ಸರಳ ವಿವರಣೆ ಕೊಟ್ಟರು. ಗುಂಪಿನಲ್ಲಿರುವ ಪ್ರತಿಯೊಬ್ಬನ ಮನಸ್ಸಿನಲ್ಲಿ ಒಂದು ಹೊಸ್ತಿಲಿರುತ್ತದೆ. ಯಾರೂ ಎಸೆಯದಿದ್ದರೂ ತಾನು ಎಸೆಯುವವನು ಒಬ್ಬನಿರುತ್ತಾನೆ. ಅವನನ್ನು ನೋಡಿ ಮಾತ್ರ ಎಸೆಯುವವನು ಎರಡನೆಯವ. ಇಬ್ಬರು ಎಸೆದರೆ ಮೂರನೆಯವನ ಹೊಸ್ತಿಲು ದಾಟುತ್ತದೆ. ಹೀಗೆ ನೂರನೆಯವನ ಸರದಿ ಬರುವಷ್ಟರಲ್ಲಿ, ಜೀವಮಾನದಲ್ಲಿ ಯಾರಿಗೂ ಕೈಯೆತ್ತದವನೂ ಕಲ್ಲು ಹಿಡಿದಿರುತ್ತಾನೆ. ಈ ಸರಪಳಿಯಲ್ಲಿ ನಡುವಿನ ಒಂದೇ ಒಂದು ಕೊಂಡಿ ಕಳಚಿದರೂ ಉಳಿದವರ ಕೈ ಕೆಳಗಿಳಿಯುತ್ತದೆ. ಎರಡನೆಯವನ ತೋಳನ್ನು ಹಿಡಿದು ಮನೆಗೆ ಕರೆದೊಯ್ಯುವ ಒಬ್ಬ ಚಾಚಾ, ಒಬ್ಬ ಉಸ್ತಾದ್, ಒಬ್ಬ ಹಿರಿಯ ಗೆಳೆಯ ಅಲ್ಲಿದ್ದರೆ ಸಾಕು. ಹಿರಿಯರ ಪ್ರಭಾವ ಎಷ್ಟು ದೊಡ್ಡದೆಂಬುದನ್ನು ಹಿರಿಯರೇ ಅರಿತಿಲ್ಲ.

ಕಾನೂನು ಈ ಹೊಸ್ತಿಲುಗಳ ಲೆಕ್ಕ ಹಾಕುವುದಿಲ್ಲ. ಅಕ್ರಮ ಕೂಟದ ಸಮಾನ ಉದ್ದೇಶಕ್ಕಾಗಿ ಅಪರಾಧ ನಡೆದರೆ, ಆಗ ಅದರ ಸದಸ್ಯನಾಗಿದ್ದ ಪ್ರತಿಯೊಬ್ಬನೂ ಆ ಅಪರಾಧಕ್ಕೆ ಹೊಣೆಯೆಂದು ಹಿಂದಿನ ದಂಡಸಂಹಿತೆಯ 149ನೇ ಕಲಂ ಹೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 190ನೇ ಕಲಂ ಅದನ್ನೇ ಹೇಳುತ್ತದೆ. ‘ನಾನು ಎಸೆಯಲಿಲ್ಲ, ಸುಮ್ಮನೆ ಜೊತೆಗೆ ಹೋಗಿದ್ದೆ’ ಎಂಬ ಮಾತಿನಿಂದ ಮೊಕದ್ದಮೆ ತಾನಾಗಿ ಕಳಚಿಕೊಳ್ಳುವುದಿಲ್ಲ. ಇದನ್ನು ನಮ್ಮ ಹುಡುಗರಿಗೆ ವಕೀಲರ ಕಚೇರಿಯಲ್ಲಿ ಮೊದಲ ಬಾರಿ ತಿಳಿಯುವಂತಾಗಬಾರದು.

ಗುಂಪು ಸೇರಿ ಶಿಕ್ಷೆ ಕೊಡುವ ಚಟ ಒಂದು ಧರ್ಮದ ಸೊತ್ತಲ್ಲ. ತಾವರೆಕೆರೆಯ ಘಟನೆ ನಡೆದ ದಿನಗಳಲ್ಲೇ, ಅದೇ ಚನ್ನಗಿರಿ ತಾಲೂಕಿನ ಅಸ್ತಾಪನಹಳ್ಳಿಯಲ್ಲಿ ಹಕ್ಕಿಪಿಕ್ಕಿ ಸಮುದಾಯದ ಬಾಲಕನೊಬ್ಬನನ್ನು ಕಳವಿನ ಅನುಮಾನದಿಂದ ಮರಕ್ಕೆ ಕಟ್ಟಿ ಥಳಿಸಿ, ಮೈಮೇಲೆ ಕೆಂಪಿರುವೆ ಬಿಟ್ಟ ಸಂಗತಿ ಬೆಳಕಿಗೆ ಬಂತು. ಅಲ್ಲೂ ಗುಂಪಿತ್ತು, ಅಲ್ಲೂ ಮೊಬೈಲ್ ಇತ್ತು. ಮೊಬೈಲಿನಲ್ಲಿ ಸೆರೆಹಿಡಿಯುವವನು ತಾನು ಬರೀ ಸಾಕ್ಷಿಯೆಂದು ಭಾವಿಸುತ್ತಾನೆ. ಹೊಡೆಯುವವನಿಗೋ ಆ ಮೊಬೈಲೇ ಒಂದು ವೇದಿಕೆಯಾಗುತ್ತದೆ. ಗುಂಪು ಹಿಂಸೆಯ ವಿರುದ್ಧ 2018ರ ಜುಲೈ 17ರಂದು ತೆಹ್ಸೀನ್ ಪೂನಾವಾಲಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಾಗ ನಾವೆಲ್ಲ ಸ್ವಾಗತಿಸಿದ್ದೆವು. ಗೋವಿನ ಹೆಸರಿನಲ್ಲಿ ನಮ್ಮವರ ಮೇಲೆ ಗುಂಪು ಕೈಮಾಡಿದಾಗ ನಾವು ಯಾವ ತತ್ವವನ್ನು ಎತ್ತಿ ಹಿಡಿದೆವೋ, ನಮ್ಮ ಮಸೀದಿಯ ಅಂಗಳದಲ್ಲಿಯೂ ಅದನ್ನೇ ಎತ್ತಿ ಹಿಡಿಯಬೇಕು. ಇಲ್ಲದಿದ್ದರೆ ನಮ್ಮ ನ್ಯಾಯದ ಕೂಗಿಗೆ ಬೆಲೆಯೇ ಉಳಿಯದು.

ಹಾಗಾದರೆ ಎಲ್ಲ ಹೊಣೆಯೂ ಸಹವಾಸದ್ದು, ಅಪರಾಧಿ ನಿರ್ದೋಷಿ ಎಂದು ನಾವು ಹೇಳುತ್ತಿದ್ದೇವೆಯೇ? ಖಂಡಿತ ಇಲ್ಲ. ಪ್ರತಿಯೊಬ್ಬನೂ ತನ್ನ ಕೃತ್ಯಕ್ಕೆ ತಾನೇ ಉತ್ತರದಾಯಿ ಎಂಬುದು ಇಸ್ಲಾಮಿನ ಮೂಲಭೂತ ಬೋಧನೆ. ಆದರೆ ತೊಂಬತ್ತೊಂಬತ್ತು ಕೊಲೆ ಮಾಡಿದವನ ಪ್ರಸಿದ್ಧ ವೃತ್ತಾಂತವನ್ನು ನೆನೆಯಿರಿ. ಅವನು ಪಶ್ಚಾತ್ತಾಪದ ದಾರಿ ಕೇಳಿದಾಗ, ದಾರಿಯಿಲ್ಲವೆಂದ ಭಕ್ತನೊಬ್ಬನನ್ನೂ ಕೊಂದು ನೂರು ಪೂರೈಸಿದ. ಬಳಿಕ ಸಿಕ್ಕಿದ ವಿದ್ವಾಂಸ ಮಾತ್ರ ಬಾಗಿಲು ಮುಚ್ಚಲಿಲ್ಲ. ನಿನ್ನ ಊರನ್ನು ಬಿಟ್ಟು ಸಜ್ಜನರಿರುವ ಊರಿಗೆ ಹೋಗೆಂದು ಹೇಳಿದ. ಆ ವಿದ್ವಾಂಸ ಕೊಲೆಗಳನ್ನು ಹಗುರ ಮಾಡಲಿಲ್ಲ. ಪಶ್ಚಾತ್ತಾಪ ಬಾಳಬೇಕಾದರೆ ಸುತ್ತಲಿನ ಜನ ಬದಲಾಗಬೇಕೆಂಬುದನ್ನು ಅವನು ಅರಿತಿದ್ದ. ಸದರ್‌ಲ್ಯಾಂಡರ ವಾದವು ಶತಮಾನಗಳ ಬಳಿಕ ಇದೇ ಜಾಡಿನಲ್ಲಿ ನಡೆಯಿತು.

ಇಂದು ನಾವು ಮಾಡುತ್ತಿರುವುದು ಇದಕ್ಕೆ ತದ್ವಿರುದ್ಧ. ಮೊದಲ ಬಾರಿ ತಪ್ಪಿದ ಹುಡುಗನನ್ನು ನಾವು ಸಜ್ಜನರ ಊರಿನಿಂದ ಹೊರಗಟ್ಟಿ ದುರ್ಜನರ ಊರಿಗೆ ಕಳುಹಿಸುತ್ತೇವೆ. ಮಟ್ಕಾ ಚೀಟಿ ಬರೆಯುವವನ ಬಳಿ ಚಿಲ್ಲರೆ ಕೆಲಸಕ್ಕೆ ನಿಂತ ಹುಡುಗ ಮೊದಲು ಕಲಿಯುವುದು ಅಂಕಿ ಬರೆಯುವುದನ್ನು. ನಂತರ ಕಲಿಯುವುದು, ‘ಎಲ್ಲರೂ ಆಡ್ತಾರೆ, ಇದೇನು ಕಳ್ಳತನವೇ’ ಎಂಬ ಸಮರ್ಥನೆಯನ್ನು. ಅವನು ಸಿಕ್ಕಿಬಿದ್ದ ದಿನ ಬಂಧುಗಳು ಮುಖ ತಿರುಗಿಸುತ್ತಾರೆ, ಕೆಲಸ ಕೊಡುವವರಿಲ್ಲ, ಹೆಣ್ಣು ಕೊಡುವವರಿಲ್ಲ. ಅವನನ್ನು ಸ್ವಾಗತಿಸಲು ಉಳಿಯುವವನು ಆ ಚೀಟಿಯವನೊಬ್ಬನೇ. ಜಾಮೀನು ಸಿಗದೆ ಒಳಗೇ ಉಳಿದರೆ ಜೈಲು ಅವನ ಮುಂದಿನ ಪಾಠಶಾಲೆಯಾಗುತ್ತದೆ. 2022ರ ಅಂತ್ಯದಲ್ಲಿ ದೇಶದ ಜೈಲುಗಳಲ್ಲಿದ್ದ 5,73,220 ಮಂದಿಯ ಪೈಕಿ 4,34,302 ಮಂದಿ ಇನ್ನೂ ತೀರ್ಪಾಗದ ವಿಚಾರಣಾಧೀನರು. ಅಂದರೆ ನಾಲ್ವರಲ್ಲಿ ಮೂವರು. ಚಿಕ್ಕ ತಪ್ಪಿಗೆ ಒಳಹೋದವನು ಪಳಗಿದವರ ನಡುವೆ ತಿಂಗಳುಗಟ್ಟಲೆ ಕುಳಿತರೆ ಅವನ ಕಿವಿಗೆ ಬೀಳುವ ಮಾತುಗಳು ಯಾವುವೆಂದು ಊಹಿಸುವುದು ಕಷ್ಟವಲ್ಲ.

ಹೀಗಿರುವಾಗ ನಮ್ಮ ಜಮಾಅತ್‌ಗಳ ಕರ್ತವ್ಯವೇನು? ಮೊದಲನೆಯದಾಗಿ, ಮಸೀದಿ ಸಮಿತಿ ನ್ಯಾಯಾಲಯವಲ್ಲ, ಠಾಣೆಯೂ ಅಲ್ಲ ಎಂಬುದನ್ನು ಪ್ರತಿಯೊಂದು ಸಮಿತಿಯೂ ಬಾಯಿಬಿಟ್ಟು ಘೋಷಿಸಬೇಕು. 2014ರಲ್ಲಿ ವಿಶ್ವಲೋಚನ್ ಮದನ್ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ದಾರುಲ್ ಕಝಾಗಳ ತೀರ್ಮಾನಗಳಿಗೆ ಹಾಗೂ ಫತ್ವಾಗಳಿಗೆ ಕಾನೂನಿನ ಬಲವಿಲ್ಲವೆಂದೂ ಅವುಗಳನ್ನು ಯಾರ ಮೇಲೂ ಹೇರುವಂತಿಲ್ಲವೆಂದೂ ಸ್ಪಷ್ಟಪಡಿಸಿದೆ. ದಂಪತಿಗಳ ನಡುವೆ ಸಂಧಾನ ಮಾಡಿಸುವುದು ಪುಣ್ಯದ ಕೆಲಸ. ಆದರೆ ಸಂಧಾನಕ್ಕೆ ಎರಡೂ ಕಡೆಯ ಒಪ್ಪಿಗೆ ಬೇಕು, ಮಹಿಳೆಯ ಮಾತನ್ನು ಆಲಿಸಲು ಅಲ್ಲಿ ಮಹಿಳೆಯರಿರಬೇಕು. ಮನೆಯ ದೂರು ಮಸೀದಿಯ ಬಾಗಿಲಿಗೆ ಬಂದ ಗಳಿಗೆಯಿಂದ ಆ ಮಹಿಳೆಯ ಮಾನ ಮತ್ತು ಪ್ರಾಣ ಸಮಿತಿಯ ಕೈಯಲ್ಲಿರುವ ಅಮಾನತ್. ಆ ದೂರಿನ ವಿವರ ಚಹಾದಂಗಡಿಗೆ ಸೋರಿದರೆ ಮುಂದೆ ದೊಣ್ಣೆ ಹಿಡಿಯುವವರಿಗೆ ಆಹ್ವಾನ ಕೊಟ್ಟಂತೆಯೇ ಸರಿ. ಅಪಾಯದ ಸುಳಿವು ಕಂಡರೆ 112ಕ್ಕೆ ಅಥವಾ ಮಹಿಳಾ ಸಹಾಯವಾಣಿ 181ಕ್ಕೆ ಕರೆಮಾಡುವುದು ಸಮುದಾಯಕ್ಕೆ ಅವಮಾನವಲ್ಲ.

ಎರಡನೆಯದಾಗಿ, ಮೊದಲ ಸಲ ತಪ್ಪಿದ ಹುಡುಗರನ್ನು ಕೈಬಿಡಬಾರದು. ಜಿಲ್ಲಾ ಮತ್ತು ತಾಲೂಕು ಕಾನೂನು ಸೇವಾ ಸಂಸ್ಥೆಗಳ ಮೂಲಕ, ಬಂಧನದಲ್ಲಿರುವವರಿಗೆ ಉಚಿತ ವಕೀಲರ ನೆರವಿದೆ. ಹಿಂದೆಂದೂ ಶಿಕ್ಷೆಯಾಗದ ವಿಚಾರಣಾಧೀನನು ಆ ಅಪರಾಧದ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗವನ್ನು ಜೈಲಿನಲ್ಲೇ ಕಳೆದಿದ್ದರೆ ಮುಚ್ಚಳಿಕೆಯ ಮೇಲೆ ಬಿಡುಗಡೆ ಪಡೆಯುವ ಅವಕಾಶವನ್ನು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಂ ಕೊಟ್ಟಿದೆ. ಮರಣದಂಡನೆ ಅಥವಾ ಜೀವಾವಧಿಯ ಅಪರಾಧಗಳಿಗೂ, ಹಲವು ಮೊಕದ್ದಮೆಗಳು ಬಾಕಿಯಿರುವವರಿಗೂ ಇದು ಅನ್ವಯಿಸದು. ಸಣ್ಣ ತಪ್ಪಿಗೆ ಒಳಗಿರುವ ಎಷ್ಟೋ ಹುಡುಗರ ಮನೆಯವರಿಗೆ ಇದರ ಅರಿವೇ ಇರುವುದಿಲ್ಲ. 1958ರ ಪರಿವೀಕ್ಷಣಾ ಕಾಯ್ದೆಯಂತೆ ತಕ್ಕ ಪ್ರಕರಣಗಳಲ್ಲಿ ನ್ಯಾಯಾಲಯವು ತಪ್ಪಿತಸ್ಥನನ್ನು ಜೈಲಿಗೆ ಕಳುಹಿಸದೆ ಸನ್ನಡತೆಯ ಷರತ್ತಿನ ಮೇಲೆ ಬಿಡಬಲ್ಲದು. ಪಳಗಿದವರ ಸಹವಾಸದಿಂದ ಹೊಸಬನನ್ನು ದೂರವಿಡಬೇಕೆಂಬ ವಿವೇಕ ಕಾನೂನಿಗೇ ಇದೆ. ನಮಗೇಕೆ ಇರಬಾರದು? ಹೊರಬಂದವನಿಗೆ ಗ್ಯಾರೇಜಿನಲ್ಲೋ, ಅಡಿಕೆ ಮಂಡಿಯಲ್ಲೋ, ಮರದ ಕೆಲಸದಲ್ಲೋ ಒಂದು ಜಾಗ ಕೊಡಿಸುವುದು ನಮ್ಮ ಉದ್ಯಮಿಗಳಿಗೆ ಅಸಾಧ್ಯವೇನಲ್ಲ.

ಮೂರನೆಯದಾಗಿ, ನಮ್ಮ ಮಕ್ಕಳ ಸಹವಾಸ ಒಂದೇ ಕೇರಿಯೊಳಗೆ ಕಿರಿದಾಗುತ್ತಿರುವುದನ್ನು ನಾವು ಗಂಭೀರವಾಗಿ ಪರಿಗಣಿಸಬೇಕು. ತನ್ನವರ ಮಾತನ್ನಷ್ಟೇ ಕೇಳುವ ಗುಂಪಿನಲ್ಲಿ ವದಂತಿಯನ್ನು ಪ್ರಶ್ನಿಸುವವನಿರುವುದಿಲ್ಲ. ಅದು ನಮ್ಮ ವಾಟ್ಸ್‌ಆ್ಯಪ್ ಗುಂಪಿಗೂ ನಿಜ, ಅವರ ಗುಂಪಿಗೂ ನಿಜ. ಜಗಳೂರಿನ ಜೆ. ಮಹಮ್ಮದ್ ಇಮಾಂ ಅವರನ್ನು 1957ರಲ್ಲಿ ಮತ್ತು 1967ರಲ್ಲಿ ಚಿತ್ರದುರ್ಗ ಕ್ಷೇತ್ರದ ಮತದಾರರು ಲೋಕಸಭೆಗೆ ಕಳುಹಿಸಿದರು. ಆ ಮತದಾರರಲ್ಲಿ ಬಹುಪಾಲು ಜನ ಮುಸ್ಲಿಮರಾಗಿರಲಿಲ್ಲ. ಸಂತೆಯಲ್ಲಿ, ಶಾಲೆಯಲ್ಲಿ, ಹೊಲದ ಬದುವಿನಲ್ಲಿ ದಿನವೂ ಮುಖ ನೋಡುತ್ತಿದ್ದವರ ನಡುವೆ ಮಾತ್ರ ಅಂಥ ವಿಶ್ವಾಸ ಬೆಳೆದೀತು. ಹೆಸರು ಹಿಡಿದು ಕರೆಯಬಲ್ಲ ನೆರೆಯವನ ಮೇಲೆ ಕಲ್ಲೆತ್ತುವುದು ಸುಲಭವಲ್ಲ.

ಮುಂದಿನ ಜುಮಾದಂದು ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರಿನ ಖತೀಬರು ಈ ವಿಷಯವನ್ನು ಮಿಂಬರಿನಿಂದ ಎತ್ತಿಕೊಳ್ಳಲಿ ಎಂಬುದು ನಮ್ಮ ವಿನಂತಿ. ನಮಾಝಿನ ಬಳಿಕ ಸಮಿತಿಯವರು ಹತ್ತು ನಿಮಿಷ ಕುಳಿತು ಮೂರು ತೀರ್ಮಾನಗಳನ್ನು ಬರೆದಿಡಲಿ: ಮನೆಯ ದೂರು ಬಂದರೆ ಅದನ್ನು ಗುಟ್ಟಾಗಿ ಆಲಿಸುವವರು ಯಾರು, ಊರಿನಲ್ಲಿ ಜನ ಗುಂಪುಗೂಡಿದಾಗ ಹುಡುಗರನ್ನು ಮನೆಗೆ ಕರೆದೊಯ್ಯಲು ಮುಂದೆ ಹೋಗುವ ಹಿರಿಯರು ಯಾರು, ಜೈಲಿನಿಂದ ಹೊರಬಂದ ಹುಡುಗನನ್ನು ಮೊದಲು ಹೋಗಿ ಕಾಣುವವರು ಯಾರು? ಮೂರರ ಮುಂದೆಯೂ ಹೆಸರುಗಳಿರಲಿ. ಹೆಸರಿಲ್ಲದ ನಿರ್ಣಯ ನಮ್ಮ ಸಭೆಗಳಲ್ಲಿ ಈಗಾಗಲೇ ಬೇಕಾದಷ್ಟಿದೆ.